ಹಾಲಿನ ಡೈರಿ ಮುಂದೆ ಕೂತು ನಮ್ಮ ಪ್ಲಾನ್ ತಿದ್ದಿಕೊಟ್ಟವರಿಗೆ

ಹೋದ ವಾರ ನಮ್ಮ ಸಂಶೋಧನಾ ಯೋಜನೆಗೆ ಒಪ್ಪಿಗೆ ಸಿಕ್ಕಿತು. ನೆದರ್‌ಲ್ಯಾಂಡ್ಸ್‌ನಲ್ಲಿ ನೀರಿನ ವಿಷಯ ಓದುತ್ತಿರುವ ನಾವು ನಾಲ್ವರು: ಕೀನ್ಯಾ, ನೇಪಾಳ, ಕೊಲಂಬಿಯಾದ ಮೂವರು ಗೆಳೆಯರು, ಜೊತೆಗೆ ನಾನು. ಮೊದಲ ಪುಟದಲ್ಲಿ ನಮ್ಮ ಹೆಸರಿದೆ. ಆ ಯೋಜನೆಯನ್ನು ನೆಟ್ಟಗೆ ಮಾಡಿದವರು ಮಾತ್ರ ಕೋಲಾರ ತಾಲ್ಲೂಕಿನ ಒಂದು ಊರಿನ ರೈತರು.

ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆ ನಿಮಗೆಲ್ಲ ಗೊತ್ತು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಉದ್ದೇಶ. ಕೆರೆಯಲ್ಲಿ ಇಂಗಿದ ಈ ನೀರು ಬೋರುಗಳಿಗೆ ಏನು ಮಾಡುತ್ತಿದೆ ಎಂದು ನೋಡಲು ನಾವು ಹೊರಟಿದ್ದೆವು. ಉಪಗ್ರಹ ನಕ್ಷೆ ನೋಡಿ, ನೆದರ್‌ಲ್ಯಾಂಡ್ಸ್‌ನಲ್ಲೇ ಕೂತು, ಯಾವ ಬೋರಿನಿಂದ ನೀರು ಹಿಡಿಯಬೇಕೆಂದು ಗುರುತು ಹಾಕಿಕೊಂಡು ಬಂದಿದ್ದೆವು.

ಮೊದಲ ದಿನವೇ ಒಬ್ಬ ತಾತ ಕೇಳಿದರು: "ಬಂದೋರೆಲ್ಲ ಬಾಟ್ಲಿಗೆ ನೀರು ಹಿಡ್ಕೊಂಡು ಹೋದ್ರಮ್ಮ. ಏನಾಯ್ತು ಅಂತ ವಾಪಸ್ ಬಂದು ಹೇಳ್ದೋರು ಯಾರು?" ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಶ್ನಾವಳಿಯನ್ನು ಬ್ಯಾಗಿನೊಳಗಿಟ್ಟೆವು.

ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿ ಹತ್ತಿರ ಬನ್ನಿ, ಹೆಂಗಸರೂ ಸಿಗುತ್ತಾರೆ ಎಂದವರು ಅದೇ ತಾತ. ಆಮೇಲೆ ಹನ್ನೊಂದು ಸಂಜೆ ಅಲ್ಲೇ ಕೂತೆವು. ನಮ್ಮ ಪಟ್ಟಿಯ ಬೋರುಗಳಲ್ಲಿ ಅರ್ಧಕ್ಕರ್ಧ ಬತ್ತಿದ್ದು ಗೊತ್ತಾಯಿತು. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೆ, ಮೋಟರು ಎಷ್ಟು ಹೊತ್ತು ಓಡಿದ ಮೇಲೆ ನೀರು ಹಿಡಿಯಬೇಕು, ಟೊಮೆಟೊ ಮಾರ್ಕೆಟ್ಟಿಗೆ ಹೋಗುವ ದಿನ ಯಾರ ಮನೆ ಬಾಗಿಲು ತಟ್ಟಬಾರದು, ಎಲ್ಲ ಹೇಳಿಕೊಟ್ಟಿರಿ. ಬೇಳೆ ಬೇಯೋಕೆ ಈಗ ಮೊದಲಿಗಿಂತ ಹೊತ್ತು ಹಿಡಿಯುತ್ತೆ ಎಂದು ಒಬ್ಬ ಅಕ್ಕ ಹೇಳಿದ್ದಕ್ಕೆ ನೀರಿನ ಗಡಸುತನದ ಪರೀಕ್ಷೆ ಸೇರಿಸಿದೆವು. ಅದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಿದ್ದುಪಡಿ ಕೆರೆ ನೀರು ಬಿಡುವ ನೀರುಗಂಟಿ ಮನೆತನದ ಅಣ್ಣನದು. "ನೀರು ಬಂದ ಕೆರೇನೇ ನೋಡ್ತಾ ಕೂತ್ರೆ ಏನು ತಿಳಿಯುತ್ತೆ? ಪೈಪು ಹೋಗದ ಪಕ್ಕದೂರಿನ ಕೆರೇನೂ ನೋಡಿ. ಮಳೆ ನೀರು ಯಾವುದು, ಬೆಂಗಳೂರು ನೀರು ಯಾವುದು ಅಂತ ಬಿಡಿಸಿ ಹೇಳಿ." ಇದನ್ನು ಇಂಗ್ಲಿಷಿನಲ್ಲಿ ವಿವರಿಸುವಾಗ ಕೀನ್ಯಾದ ಗೆಳೆಯ ಎದ್ದು ನಿಂತುಬಿಟ್ಟ. ಹೋಲಿಸಿ ನೋಡಲು ಇನ್ನೊಂದು ಕೆರೆ ಬೇಕೆಂಬುದನ್ನೇ ನಾವು ಬಿಟ್ಟಿದ್ದೆವು! ಈಗ ಎರಡೂ ಕೆರೆ ಸೇರಿವೆ. ಮಳೆ ನೀರಿಗಿಂತ ಕೊಳಚೆ ನೀರಿನಲ್ಲಿ ಹೆಚ್ಚಿರುವ ಉಪ್ಪಿನ ಅಂಶ ಕ್ಲೋರೈಡ್ ಮಣ್ಣಿಗೆ ಅಷ್ಟಾಗಿ ಅಂಟದೆ ನೀರಿನ ಜೊತೆಗೇ ಇಳಿಯುತ್ತದೆ. ಅದರ ಜಾಡು ಹಿಡಿದು ಅಣ್ಣನ ಪ್ರಶ್ನೆಗೆ ಉತ್ತರ ಹುಡುಕುತ್ತೇವೆ.

ಬಿಸಿಲಲ್ಲಿ ಕೆರೆ ಏರಿ ಮೇಲೆ ನಮ್ಮನ್ನು ನಡೆಸಿ ತೂಬು, ಕೋಡಿ, ಹಳೇ ಕಾಲುವೆ ತೋರಿಸಿದವರಿಗೆ, ಮುದ್ದೆ ನುಂಗುವುದನ್ನು ನನ್ನ ಗೆಳೆಯರಿಗೆ ತಾಳ್ಮೆಯಿಂದ ಕಲಿಸಿದ ಅಮ್ಮಂದಿರಿಗೆ ನಾನು ಋಣಿ. ನಿಮ್ಮ ಷರತ್ತು ನೆನಪಿದೆ. ಪ್ರತಿ ಸುತ್ತಿನ ಫಲಿತಾಂಶವನ್ನೂ ಮೊದಲು ಡೈರಿ ಮುಂದೆ, ಕನ್ನಡದಲ್ಲಿ ಓದುತ್ತೇವೆ. ಅದು ಯೋಜನೆಯಲ್ಲೇ ಬರೆದಾಗಿದೆ, ಖರ್ಚಿನ ಬಾಬ್ತಿನ ಸಮೇತ.

ರಾಗಿ ಕೊಯ್ಲು ಮುಗಿದ ಮೇಲೆ ಬರುತ್ತೇವೆ. ಈ ಸಲ ಬಾಟಲಿಗಳ ಮೇಲೆ ನಂಬರಿನ ಜೊತೆ ನೀವು ಕರೆಯುವ ಹೆಸರೂ ಇರುತ್ತದೆ: ಹುಣಸೆಮರದ ಬೋರು, ಗುಡಿ ಹಿಂದಿನ ಬೋರು, ಅಜ್ಜಿ ಹೊಲದ ಬಾವಿ.