ಗನ್ ಅನ್ನೋ ಮೊದಲು ಪರ್ಮಿಟ್ ಅನ್ನಿ

ಸಂಪಾದಕರಿಗೆ ನಮಸ್ಕಾರ,

ನಾನು ಅಮೆರಿಕದ ಮಿಶಿಗನ್‌ನಲ್ಲಿರೋ ಕನ್ನಡಿಗ, ಗ್ರೀನ್ ಕಾರ್ಡ್ ಬಂದ್ಮೇಲೆ ಕ್ಲಾಸಿಗೆ ಹೋಗಿ ಪಿಸ್ತೂಲ್ ಪರ್ಮಿಟ್ ತಗೊಂಡಿದೀನಿ. ಇಲ್ಲಿ ಪೊಲೀಸ್ರು ಕಾರ್ ನಿಲ್ಲಿಸಿದ್ರೆ ಹತ್ರ ಗನ್ ಇದೆ ಅಂತ ಅವ್ರು ಕೇಳೋಕ್ ಮುಂಚೆ ನಾವೇ ತಕ್ಷಣ ಹೇಳ್ಬೇಕು, ಹೇಳ್ದಿದ್ರೆ ಮೊದಲ್ನೇ ಸಲಕ್ಕೇ 500 ಡಾಲರ್ ದಂಡ, ಪರ್ಮಿಟ್ 6 ತಿಂಗಳು ಸಸ್ಪೆಂಡ್. ಡೆಟ್ರಾಯಿಟ್‌ನಿಂದ ಗಂಟೆ ಹೊತ್ತು ಓಡಿಸಿ ಒಹಾಯೋದ ಟೊಲೀಡೋಗೆ ಹೋದ್ರೆ ಬೇರೆ ರೂಲ್ಸು, ಅಲ್ಲಿ 2022ರ ಜೂನ್‌ನಿಂದ ಅವ್ರು ಕೇಳಿದ್ರೆ ಹೇಳಿದ್ರಾಯ್ತು.

ಹೇಳ್ಬೇಕು ಅಂತ ಕಾನೂನಿದೆ, ಯಾವ ಮಾತಲ್ಲಿ ಹೇಳ್ಬೇಕು ಅಂತ ಇಲ್ಲ. ಜೀವ ಹೋಗೋದು ಅಲ್ಲೇ. 2016ರ ಜುಲೈ 6ರಂದು ಮಿನೆಸೋಟದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಅನ್ನೋ ಕಪ್ಪು ಯುವಕನ ಕಾರ್ ನಿಲ್ಲಿಸಿದ್ರು. ಶಾಲೆಯ ಅಡುಗೆಮನೇಲಿ ಕೆಲಸ ಮಾಡ್ತಿದ್ದ, ಪರ್ಮಿಟ್ಟೂ ಇತ್ತು. ಆ ರಾಜ್ಯದಲ್ಲಿ ಕೇಳೋವರೆಗೂ ಹೇಳ್ಬೇಕಾಗೇ ಇಲ್ಲ, ಆದ್ರೂ ಮರ್ಯಾದೆಯಿಂದ ತಾನಾಗೇ 'ಸರ್, ನನ್ ಹತ್ರ ಗನ್ ಇದೆ' ಅಂದ. ತೆಗೀಬೇಡ ಅಂದ್ರು, ತೆಗೀತಿಲ್ಲ ಅಂದ, ಅಷ್ಟ್ರಲ್ಲಿ 7 ಗುಂಡು ಹಾರಿಸಿದ್ರು. ಹಿಂದಿನ ಸೀಟಲ್ಲಿ 4 ವರ್ಷದ ಮಗು ಇತ್ತು. ಮಾರನೇ ವರ್ಷ ಆ ಪೊಲೀಸ್ ಖುಲಾಸೆ ಆದ್ರು. ನಿಜ ಹೇಳಿದ್ದಕ್ಕೆ ಸತ್ತ ಅಂತ ನೆನೆಸ್ಕೊಂಡ್ರೆ ನನಗೆ ಇವತ್ತಿಗೂ ಸಂಕಟ ಆಗತ್ತೆ.

ಹೋದ ಚಳಿಗಾಲ ರಾತ್ರಿ ನನ್ನನ್ನೂ ನಿಲ್ಲಿಸಿದ್ರು, ಟೇಲ್ ಲೈಟ್ ಹೋಗಿತ್ತು. ಒಳಗಿನ ಲೈಟ್ ಹಾಕ್ದೆ, ಗ್ಲಾಸ್ ಇಳಿಸ್ದೆ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು 'ಆಫೀಸರ್, ನನಗೆ ಪರ್ಮಿಟ್ ಇದೆ, ಪಿಸ್ತೂಲು ಬಲಸೊಂಟದಲ್ಲಿದೆ, ನಾನೇನ್ ಮಾಡ್ಲಿ' ಅಂತ ಕೇಳ್ದೆ. ಪರ್ಸು ಎಲ್ಲಿ ಅಂದ್ರು. ಅದೂ ಬಲಗಡೆ ಹಿಂದಿನ ಜೇಬಲ್ಲೇ, ಪಿಸ್ತೂಲಿಂದ ನಾಲ್ಕು ಬೆರಳು ದೂರ! ಕೈ ನಡುಗೋಕೆ ಶುರುವಾಯ್ತು. ಅವ್ರು ಸಮಾಧಾನವಾಗಿ ಕೆಳಗಿಳಿಸಿ ತಾವೇ ಪರ್ಸ್ ತೆಗೆದ್ರು, ಆ ತಾಳ್ಮೆ ಎಲ್ಲಾ ಪೊಲೀಸರಿಗೂ ಟ್ರೈನಿಂಗಲ್ಲೇ ಕಲಿಸ್ಬೇಕು, ಇದು ಬರೀ ನಮ್ಮ ಹೊಣೆ ಅಲ್ಲ. ಆವತ್ತಿಂದ ಕಾರ್ ಹತ್ತಿದ ತಕ್ಷಣ ಪರ್ಸನ್ನ ಕಪ್ ಹೋಲ್ಡರಲ್ಲಿ ಇಡ್ತೀನಿ.

ಇನ್ನೊಂದು, ಎಚ್1ಬಿ ವೀಸಾದಲ್ಲಿರೋ ನಮ್ಮ ಹುಡುಗರು ಗನ್ ಇಟ್ಕೊಳ್ಳೋದೇ ಫೆಡರಲ್ ಅಪರಾಧ, ಬೇಟೆ ಲೈಸೆನ್ಸ್ ಇರೋರಂಥ ಕೆಲವರಿಗೆ ಮಾತ್ರ ವಿನಾಯಿತಿ. ಪೊಲೀಸ್ರಿಗೆ ಹೇಳಿಬಿಟ್ರೆ ಸಾಕು ಅನ್ನೋದು ಅವ್ರಿಗೆ ಅನ್ವಯಿಸಲ್ಲ. ಮಕ್ಕಳು ಇಲ್ಲಿರೋ ಅಪ್ಪ ಅಮ್ಮಂದಿರು ಇದನ್ನ ಓದ್ಲಿ ಅಂತ ಬರೀತಿದೀನಿ, ದಯವಿಟ್ಟು ಪ್ರಕಟಿಸಿ.

ಇಂತಿ,
ನಿಮ್ಮ ಓದುಗ, ಮಿಶಿಗನ್