ಎಟಿಪಿ ಕಿಣ್ವದ ಬಗ್ಗೆ ಬರೆಯುತ್ತಿರುವ ತಂಗಿಗೆ

ಕೊಪ್ಪಳ

ಪ್ರೀತಿಯ ತಂಗಿ,

ನಿನ್ನ ಕರಡು ಓದಿದೆ. ನಮ್ಮ ಕಡೆಯ ಪಿಯುಸಿ ಹುಡುಗರಿಗೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುವನ್ನು ತಯಾರಿಸುವ ಕಿಣ್ವ ಎಟಿಪಿ ಸಿಂಥೇಸ್ ಬಗ್ಗೆ ಕನ್ನಡದಲ್ಲೇ ಹೇಳಬೇಕು ಅಂತ ಹೊರಟಿದ್ದೀಯಲ್ಲ, ಬಹಳ ಖುಷಿಯಾಯಿತು. ಆದರೆ ಲೇಖನದ ಜೀವ ಎಲ್ಲಿದೆಯೋ ಆ ಜಾಗವನ್ನೇ ಒಂದು ವಾಕ್ಯದಲ್ಲಿ ದಾಟಿಬಿಟ್ಟಿದ್ದೀಯ: "ಪ್ರೋಟಾನ್‌ಗಳ ಶಕ್ತಿಯಿಂದ ಎಡಿಪಿಗೆ ಫಾಸ್ಫೇಟ್ ಅಂಟಿ ಎಟಿಪಿ ಆಗುತ್ತದೆ." ಇದನ್ನು ಓದಿದವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಶಕ್ತಿ ಎಲ್ಲಿ ಖರ್ಚಾಗುತ್ತದೆ ಅನ್ನುವುದೂ ತಪ್ಪಿಹೋಗಿದೆ.

ಮೈಟೋಕಾಂಡ್ರಿಯಾದ ಒಳಪೊರೆಯಿಂದ ಮ್ಯಾಟ್ರಿಕ್ಸ್ ಕಡೆಗೆ, ಅಂದರೆ ಅದರ ಒಳಗಿನ ಜಾಗಕ್ಕೆ, ಚಾಚಿದ ಕಿಣ್ವದ ತಲೆಭಾಗದಿಂದ ಶುರು ಮಾಡು. ಮೂರು ಆಲ್ಫಾ, ಮೂರು ಬೀಟಾ ಘಟಕಗಳು ಒಂದು ಬಿಟ್ಟು ಒಂದು ಸುತ್ತ ಕೂತಿವೆ. ನಡುವೆ ಗಾಮಾ ಎಂಬ ಡೊಂಕು ದಂಡ. ಎಟಿಪಿ ತಯಾರಾಗುವುದು ಬೀಟಾಗಳಲ್ಲಿ. ಮೂರೂ ಒಂದೇ ಪ್ರೋಟೀನು, ಆದರೆ ದಂಡ ಒಂದೊಂದಕ್ಕೆ ಒಂದೊಂದು ಮೈ ಒತ್ತುವುದರಿಂದ ಆಕಾರ ಮಾತ್ರ ಬೇರೆಬೇರೆ. ಒಂದು ಎಡಿಪಿಯನ್ನೂ ಫಾಸ್ಫೇಟನ್ನೂ ಸಡಿಲವಾಗಿ ಹಿಡಿದಿದೆ. ಇನ್ನೊಂದು ಬಿಗಿಯಾಗಿ ಮುಚ್ಚಿಕೊಂಡಿದೆ; ಅದರೊಳಗೆ ಅವೆರಡೂ ಕೂಡಿ ಎಟಿಪಿ ಆಗಲು ಹೊರಗಿನ ಶಕ್ತಿ ಹೆಚ್ಚುಕಡಿಮೆ ಬೇಕೇ ಇಲ್ಲ. ಮೂರನೆಯದು ತೆರೆದಿದೆ. ಕಷ್ಟವಿರುವುದು ಆ ಬಿಗಿ ಹಿಡಿತದಿಂದ ಎಟಿಪಿಯನ್ನು ಬಿಡಿಸುವುದರಲ್ಲಿ. ದಂಡ 120 ಡಿಗ್ರಿ ತಿರುಗಿ ಬೀಟಾದ ಬಾಯಿ ತೆರೆಸಬೇಕು. ಶಕ್ತಿ ಮುಖ್ಯವಾಗಿ ಅಲ್ಲಿ ಖರ್ಚಾಗುತ್ತದೆ. ವಿಜ್ಞಾನಿ ಪಾಲ್ ಬೋಯರ್ ಮುಂದಿಟ್ಟ ವಿವರಣೆ ಇದು. 1994ರಲ್ಲಿ ಜಾನ್ ವಾಕರ್ ತಂಡ ದನದ ಹೃದಯದ ಮೈಟೋಕಾಂಡ್ರಿಯಾದಿಂದ ಪಡೆದ ತಲೆಭಾಗದ ರಚನೆಯನ್ನು ಪ್ರಕಟಿಸಿದಾಗ ಮೂರು ಬೀಟಾಗಳು ಮೂರು ಸ್ಥಿತಿಯಲ್ಲೇ ಕಂಡವು. 1997ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಇವರಿಬ್ಬರಿಗೆ ಬಂತು.

"ಕಿಣ್ವ ಗಿರಗಿರ ತಿರುಗುತ್ತದೆ" ಅಂದರೆ ಸಾಲದು. ಪ್ರೋಟಾನ್‌ಗಳು ದಾಟುವಾಗ ಪೊರೆಯೊಳಗಿನ ಸಿ-ಉಂಗುರ (ಸಿ ಎಂಬ ಘಟಕಗಳು ಸುತ್ತ ಕೂಡಿ ಆದದ್ದು) ತಿರುಗುತ್ತದೆ, ಅದಕ್ಕೆ ಅಂಟಿದ ಗಾಮಾ ತಿರುಗುತ್ತದೆ. ತಲೆ ತಿರುಗುವುದಿಲ್ಲ, ಪಕ್ಕದ ಕಂಬವೊಂದು ಅದನ್ನು ಹಿಡಿದು ನಿಲ್ಲಿಸಿದೆ. ಆ ಕಂಬ ಇಲ್ಲದಿದ್ದರೆ ದಂಡದ ಜೊತೆ ತಲೆಯೂ ಸುತ್ತಿ, ಯಾವ ಬೀಟಾದ ಆಕಾರವೂ ಬದಲಾಗುತ್ತಿರಲಿಲ್ಲ. ದಿಕ್ಕು ಬರೆಯುವಾಗ ಎಲ್ಲಿಂದ ನೋಡಿದ್ದು ಅಂತಲೂ ಬರೆ: ಪೊರೆಯ ಕಡೆಯಿಂದ ನೋಡಿದರೆ ಎಟಿಪಿ ತಯಾರಾಗುವಾಗ ಗಡಿಯಾರದ ಮುಳ್ಳಿನ ದಿಕ್ಕು, ಎಟಿಪಿ ಒಡೆಯುವಾಗ ಉಲ್ಟಾ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಗಾಮಾಗೆ ಆಕ್ಟಿನ್ ಎಂಬ ಪ್ರೋಟೀನಿನ ಹೊಳೆಯುವ ಎಳೆ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಈ ಉಲ್ಟಾ ಸುತ್ತನ್ನು, ಅದೂ ಬ್ಯಾಕ್ಟೀರಿಯಾದ ಕಿಣ್ವದಲ್ಲಿ. ಇದನ್ನು ಮುಚ್ಚಿಡಬೇಡ.

"ಮೂರು ಪ್ರೋಟಾನಿಗೆ ಒಂದು ಎಟಿಪಿ" ಅನ್ನುವುದನ್ನು ತೆಗೆ. ದನದ ಸಿ-ಉಂಗುರದಲ್ಲಿ 8 ಘಟಕ. ಒಂದು ಸುತ್ತಿಗೆ 8 ಪ್ರೋಟಾನ್, 3 ಎಟಿಪಿ. ಅಂದರೆ ಒಂದಕ್ಕೆ ಸುಮಾರು 2.7. ಫಾಸ್ಫೇಟನ್ನು ಒಳಗೆ ತರಲು ಇನ್ನೊಂದು ಪ್ರೋಟಾನ್ ಸೇರಿಸಿದರೆ 3.7. ಯೀಸ್ಟ್‌ನಲ್ಲಿ ಘಟಕಗಳು 10, ಹಾಗಾಗಿ ಲೆಕ್ಕವೂ ಬೇರೆ.

"ಜೀವಕೋಶದ ಪವರ್ ಹೌಸ್" ಬಿಟ್ಟು ತುಂಗಭದ್ರಾ ಡ್ಯಾಮಿನ ಬಳಿ ಇರುವ ಮುನಿರಾಬಾದಿನ ಟರ್ಬೈನನ್ನೇ ಹೋಲಿಕೆಗೆ ತೆಗೆದುಕೋ, ನಿನ್ನ ಓದುಗರು ಅದನ್ನು ಬಲ್ಲರು. ಡ್ಯಾಮಿನ ನೀರಿನ ಎತ್ತರದ ಹಾಗೆ ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸವೇ ಇಲ್ಲಿ ಬಂಡವಾಳ. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಟರ್ಬೈನ್ ಮುಟ್ಟದೆ ನೀರು ಹರಿದುಹೋಯಿತಲ್ಲ, ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ಮಾಡುವುದೂ ಅದನ್ನೇ: ಪ್ರೋಟಾನ್‌ಗಳನ್ನು ಬೇರೆ ದಾರಿಯಿಂದ ದಾಟಿಸುತ್ತದೆ, ಶಕ್ತಿ ಶಾಖವಾಗಿ ಹೋಗುತ್ತದೆ. ಆಲಿಗೋಮೈಸಿನ್ ಎಂಬ ಇನ್ನೊಂದು ರಾಸಾಯನಿಕದ ರೀತಿ ಬೇರೆ, ಅದು ಕಿಣ್ವದ ಪ್ರೋಟಾನ್ ದಾರಿಯನ್ನೇ ಕಟ್ಟುತ್ತದೆ, ವ್ಯತ್ಯಾಸ ಉಳಿದರೂ ಕೆಲಸ ನಿಲ್ಲುತ್ತದೆ. ಹುಡುಗರು ಪರೀಕ್ಷೆಯಲ್ಲಿ ಇವೆರಡನ್ನೂ ಅದಲುಬದಲು ಮಾಡುತ್ತಾರೆ. ಹೋಲಿಕೆ ಮುರಿಯುವ ಜಾಗವನ್ನೂ ಹೇಳು: ಪ್ರೋಟಾನ್‌ಗಳು ಧುಮ್ಮಿಕ್ಕುವುದಿಲ್ಲ. ಒಂದೊಂದೂ ಸಿ-ಘಟಕದ ಗ್ಲುಟಾಮಿಕ್ ಆಮ್ಲಕ್ಕೆ ಅಂಟಿಕೊಂಡು, ಉಂಗುರದ ಜೊತೆ ಹೆಚ್ಚುಕಡಿಮೆ ಒಂದು ಸುತ್ತು ಹೋಗಿ, ಆಮೇಲೆ ಮ್ಯಾಟ್ರಿಕ್ಸ್ ಕಡೆ ಇಳಿಯುತ್ತದೆ.

ಚಿತ್ರ ಒಂದೇ ಇದೆ, ಮೂರು ಮಾಡಿಸು. ಬೀಟಾಗಳಿಗೆ 1, 2, 3 ಅಂತ ಅಂಕಿ ಹಾಕಿಸಿ, ಪ್ರತಿ ಚಿತ್ರದಲ್ಲೂ ದಂಡವನ್ನು 120 ಡಿಗ್ರಿ ಸರಿಸಿಸು. ಒಂದನೇ ಬೀಟಾವನ್ನೇ ಹಿಂಬಾಲಿಸಿದವರಿಗೆ ತೆರೆದದ್ದು ಸಡಿಲ, ಸಡಿಲ ಬಿಗಿ, ಬಿಗಿ ಮತ್ತೆ ತೆರೆದದ್ದು ಆಗುವುದು ಕಾಣಬೇಕು. ಚಿತ್ರ ಬಂದ ಮೇಲೆ ಕರಡು ಮತ್ತೆ ಕಳಿಸು.

ನಿನ್ನ
ಅಕ್ಕ