ಸೀಲಿಂಗಿಗೂ ಮೋಲ್ಡಿಗೂ ನಡುವಿನ ಎರಡಡಿ

ನಾನು ಇಂಟೀರಿಯರ್ ಡಿಸೈನ್ ಮಾಡಿದ ವಕೀಲರ ಆಫೀಸು ಮೊನ್ನೆ ಸೋಮವಾರ ಶುರುವಾಯಿತು. ಅಲ್ಲಿಗೆ ಯಾರೂ ಖುಷಿಯಿಂದ ಬರುವುದಿಲ್ಲ, ಅಲ್ವಾ? ಬಂದವರು ಒಂದು ನಿಮಿಷ ಹಗುರಾಗಿ ಕೂತುಕೊಳ್ಳುವ ಹಾಗಿರಬೇಕು ಅಂತ ಹಿಡಿದ ಕೆಲಸ. ಅದು ಎರಡು ಸಲ ನಿಂತಿದ್ದು, ನಾನು ನಿಮ್ಮ ಫೋನ್ ಎತ್ತದೆ ಓಡಾಡಿದ್ದು ನಿಮಗೆಲ್ಲ ಗೊತ್ತು. ಮತ್ತೆ ಹೇಳಿ ತಲೆ ತಿನ್ನಲ್ಲ. ಇವತ್ತು ಥ್ಯಾಂಕ್ಸ್ ಹೇಳಬೇಕು, ಅಷ್ಟೇ.

ಮೊದಲು ರಿಸೆಪ್ಷನ್ ನೋಡಿಕೊಳ್ಳುವ ಅಕ್ಕನಿಗೆ. ನನ್ನ ಡ್ರಾಯಿಂಗ್ ನೋಡಿ ಅವರು ಕೇಳಿದ್ದು ಒಂದೇ ಮಾತು: "ವೀಲ್‌ಚೇರಲ್ಲಿ ಬಂದವರಿಗೆ ನಾನು ಕಾಣ್ತೀನಾ?" ಕೌಂಟರ್ 110 ಸೆಂಟಿಮೀಟರ್ ಇತ್ತು. ಎಲ್ಲಿಂದ ಕಾಣಬೇಕು! ಅದರ ಒಂದು ಭಾಗವನ್ನು 75ಕ್ಕೆ ಇಳಿಸಿದೆವು. ನೆಲಕ್ಕೆ ಟೇಪ್ ಅಂಟಿಸಿ 150 ಸೆಂಟಿಮೀಟರ್ ಅಗಲದ ವೃತ್ತ ಮಾಡಿ, ವೀಲ್‌ಚೇರ್ ಪೂರ್ತಿ ತಿರುಗುತ್ತದಾ ಅಂತ ನೋಡಿದೆವು. ನಾನು ಆಸೆಪಟ್ಟು ಆರಿಸಿದ್ದ ತಗ್ಗಿನ ಸೋಫಾ ಬೇಡ ಅಂದಿದ್ದೂ ಅವರೇ. ವಯಸ್ಸಾದವರು ಅದರಲ್ಲಿ ಕೂತರೆ ಏಳುವುದು ಕಷ್ಟ. ಈಗಿರುವುದು 45 ಸೆಂಟಿಮೀಟರ್ ಎತ್ತರದ, ಕೈ ಇರುವ ಕುರ್ಚಿಗಳು. ಫೋಟೋಗೆ ಸೋಫಾನೇ ಚೆನ್ನಾಗಿತ್ತು. ಆ ಹೊಟ್ಟೆಯುರಿ ಇನ್ನೂ ಇದೆ.

ಮೇಜಿನ ಮೇಲೆ 500 ಲಕ್ಸ್ ಬೆಳಕು ಬರುವ ತನಕ ಏಣಿ ಇಳಿಯದ ಎಲೆಕ್ಟ್ರಿಷಿಯನ್, ಕಾಯುವ ಜಾಗಕ್ಕೆ 4000 ಕೆಲ್ವಿನ್ ಬಿಳಿ ಲೈಟ್ ಹಾಕಿದರೆ ಆಪರೇಷನ್ ಥಿಯೇಟರ್ ಆಗುತ್ತೆ, ಹಳದಿ ಛಾಯೆಯ 3000ದ್ದು ಹಾಕು ಅಂದ ಗೆಳತಿ, ಒಂದೇ ಗೋಡೆಗೆ ಮೂರು ಸಲ ಬಣ್ಣ ಬದಲಿಸಿದರೂ ಬೈಯದ ಪೇಂಟರ್ ಹುಡುಗರು, ನನ್ನಮ್ಮ, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಲ್ಲಿ ಮುಗಿಸಿದಳು ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ಮೇಸ್ತ್ರಿಗೆ ಬೇಕು.

ಶನಿವಾರ ಸಂಜೆ. ಎಲ್ಲ ಮುಗಿಯಿತು ಅಂದುಕೊಂಡು ಕೂತಿದ್ದೆವು. ಹಿರಿಯ ವಕೀಲರು ಕಕ್ಷಿದಾರರ ಜೊತೆ ಮಾತಾಡುವ ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಯಾರಿಗೋ ಫೋನ್ ಮಾಡಿದರು. ಹೊರಗಿದ್ದ ನಮಗೆ ಒಂದೊಂದು ಮಾತೂ ಕೇಳಿಸಿತು. ಯಾರದೋ ಮನೆಯ ಪಾಲಿನ ಜಗಳ. ನಾವು ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮೇಸ್ತ್ರಿ ಏಣಿ ಹತ್ತಿದರು. ಸೀಲಿಂಗಿನ ಒಂದು ಟೈಲ್ ಎತ್ತಿ ಟಾರ್ಚ್ ಬಿಟ್ಟರು. ಬೆಳಕು ಗೋಡೆ ದಾಟಿ ಸೀದಾ ಆ ಕಡೆಗೆ ಹೋಯಿತು. "ಬೆಳಕು ಹೋದ್ಮೇಲೆ ಮಾತು ಹೋಗಲ್ವಾ ಮೇಡಂ?" ಅಂದರು. ಜಿಪ್ಸಮ್ ಗೋಡೆ ಫಾಲ್ಸ್ ಸೀಲಿಂಗಿಗೇ ನಿಂತಿತ್ತು. ಅಲ್ಲಿಂದ ಮೋಲ್ಡಿನ, ಅಂದರೆ ಮೇಲಿನ ಕಾಂಕ್ರೀಟ್ ಛಾವಣಿಯ, ತನಕ ಎರಡಡಿ ಖಾಲಿ. ಡ್ರಾಯಿಂಗಲ್ಲಿ ಗೆರೆಯನ್ನು ಅಲ್ಲಿಗೇ ನಿಲ್ಲಿಸಿದವಳು ನಾನು. ಮೊದಲ ಮೀಟಿಂಗಲ್ಲಿ 'ಇಲ್ಲಿ ಬಂದವರು ಮನಸ್ಸು ಬಿಚ್ಚಿ ಮಾತಾಡಬೇಕು' ಅಂತ ಭಾಷಣ ಮಾಡಿದವಳೂ ನಾನೇ.

ಸಾಮಾನು ತರಿಸುವಷ್ಟರಲ್ಲಿ ರಾತ್ರಿ ಒಂಬತ್ತು. ಅವರ ಹುಡುಗರೆಲ್ಲ ಊರಿಗೆ ಹೊರಟಾಗಿತ್ತು. ಉಳಿದಿದ್ದು ಮೇಸ್ತ್ರಿ, ನಾನು, ಎರಡು ಏಣಿ. ಮೋಲ್ಡಿಗೆ ಡ್ರಿಲ್ ಹಾಕಿ, ಬೋರ್ಡು ಹಿಡಿಯುವ ಲೋಹದ ಚಾನೆಲ್ ಕೂರಿಸಿದರು. ಎರಡೂ ಕಡೆ ಎರಡೆರಡು ಪದರ ಬೋರ್ಡು, ನಡುವೆ ಸದ್ದು ತಡೆಯುವ ನಾರಿನ ರಾಕ್‌ವೂಲ್, ಏಸಿ ಡಕ್ಟ್ ಹಾದುಹೋಗುವ ಕಡೆ ಸುತ್ತಲೂ ಸೀಲೆಂಟ್. ರಾಕ್‌ವೂಲ್ ಮೈಗೆ ತಾಗಿದರೆ ಆಗುವ ನವೆ ಮುಟ್ಟಿದವರಿಗೇ ಗೊತ್ತು. ಹೆಗಲ ಮೇಲಿದ್ದ ಟವೆಲ್ ತೆಗೆದು, ಮೂಗಿಗೆ ಕಟ್ಕೊಳ್ಳಿ ಅಂತ ನನಗೆ ಕೊಟ್ಟರು. ಅದರ ಮೂಲೆಯಲ್ಲಿ ಮರದ ಅಂಟು ಒಣಗಿ ಗಟ್ಟಿಯಾಗಿತ್ತು.

ಎರಡು ಗಂಟೆ ಸುಮಾರಿಗೆ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತೆ. ನನಗೆ ಈ ಕೆಲಸ ಬರೋದೇ ಇಲ್ಲ, ಇಷ್ಟು ದಿನ ಎಲ್ಲರಿಗೂ ಸುಳ್ಳು ಹೇಳಿಕೊಂಡು ಬಂದೆ ಅಂತೆಲ್ಲ ಅಂದೆ. ಈಗಲೂ ಕೆಲವು ಬೆಳಿಗ್ಗೆ ಹಾಗೇ ಅನ್ನಿಸುತ್ತದೆ. ಮೇಸ್ತ್ರಿ ಸಮಾಧಾನ ಮಾಡುವುದಕ್ಕೆ ಹೋಗಲಿಲ್ಲ. ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡೇ, "ಅತ್ಬಿಡಿ ಅಮ್ಮಾ. ಟಾರ್ಚ್ ಮಾತ್ರ ಅಲ್ಲಾಡಿಸ್ಬೇಡಿ" ಅಂದರು.

ಆಮೇಲೆ ಅವರೇ ಮಾತು ತೆಗೆದರು. ಯಾವಾಗಲೋ ತಂಗಿಯನ್ನು ಕರೆದುಕೊಂಡು ವಕೀಲರೊಬ್ಬರ ಹತ್ತಿರ ಹೋಗಿದ್ದರಂತೆ. ಒಳಗೆ ಅವಳು ಹೇಳಿಕೊಂಡಿದ್ದೆಲ್ಲ ಹೊರಗೆ ಕೂತವರಿಗೆ ಕೇಳಿಸಿತಂತೆ. "ಬಾಗಿಲು ತೆಗೆದು ಬಂದ್ಳು ನೋಡಿ, ಎಲ್ರೂ ಅವಳ್ನೇ ನೋಡಿದ್ರು. ಮತ್ತೆ ಆ ಕಡೆ ಕಾಲಿಡಲ್ಲ ಅಂದ್ಬಿಟ್ಳು." ಇಷ್ಟು ಹೇಳಿ, ಇನ್ನೊಂದು ಸ್ಕ್ರೂಗೆ ಕೈ ಚಾಚಿದರು.

ಬೆಳಗಿನ ಜಾವ ಐದೂವರೆಗೆ ಅವರು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗಿನ ಕುರ್ಚಿಯಲ್ಲಿ ಕೂತೆ. ಬಾಗಿಲ ಕೆಳಗಿನ ಸಂದಿಯಿಂದ ಯಾರೋ ಗೊಣಗಿದ ಹಾಗೆ ಬರುತ್ತಿತ್ತು, ಒಂದು ಪದವೂ ಬಿಡಿಸಿ ಕೇಳಲಿಲ್ಲ. (ಆ ಸಂದಿಗೆ ಭಾನುವಾರ ಸೀಲ್ ಹಾಕಿಸಿದೆವು.) ಸುಮ್ನೆ ಪರೀಕ್ಷೆಗೆ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತೇ ಅವರು ಒಳಗೆ ಮಾತಾಡಿದರು. ಬಂದು, "ಕೇಳಿಸ್ತಾ?" ಅಂದರು. ಇಲ್ಲ ಅಂದೆ. ಏನು ಹೇಳಿದಿರಿ ಅಂತ ನಾನು ಕೇಳಲಿಲ್ಲ.

ಮೇಸ್ತ್ರಿ, ನೀವು ಫೋನಲ್ಲಿ ಇದನ್ನೆಲ್ಲ ನೋಡಲ್ಲ, ನಿಮ್ಮ ಮಗಳು ತೋರಿಸ್ತಾಳೆ. ಬಿಲ್ಲಲ್ಲಿ ಆ ರಾತ್ರಿಯ ಕೂಲಿ ಹಾಕಿಲ್ಲ ನೀವು. ಹಾಕಿ ಕಳಿಸಿ. ಟವೆಲ್ ಒಗೆದಿಟ್ಟಿದ್ದೇನೆ, ಅಂಟಿನ ಕಲೆ ಮಾತ್ರ ಹೋಗಿಲ್ಲ.